ಕುಂಡ ಮೀರಿ ಬೆಳೆದ ಡೆಂಡ್ರೋಬಿಯಂ: ಮಳೆಗೆ ಮೊದಲು ಬಿಡಿಸಬೇಕೇ, ಹಾಗೇ ಬಿಡಬೇಕೇ?

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಏಳು ವರ್ಷದ ಹಿಂದೆ ತಂದ ನೇರಳೆ ಹೂವಿನ ಡೆಂಡ್ರೋಬಿಯಂ ಆರ್ಕಿಡ್ ('ಸೋನಿಯಾ' ಅಂತ ಹೇಳಿ ಕೊಟ್ಟಿದ್ದರು) 10 ಇಂಚಿನ ಮಣ್ಣಿನ ಕುಂಡದಲ್ಲಿದೆ. ಈಗ ಎಣಿಸಿದರೆ 22 ಕಾಂಡ, ಅರ್ಧಕ್ಕೂ ಹೆಚ್ಚಿನವಕ್ಕೆ ಎಲೆಯೇ ಇಲ್ಲ. ಹೊಸ ಚಿಗುರು ಮೂರು ಬಂದಿವೆ, ಮೂರೂ ಕುಂಡದ ಅಂಚಿನಾಚೆ ನೇತಾಡುತ್ತಿವೆ. ಬೇರು ಕುಂಡದ ಹೊರಮೈಗೆ ಅಂಟಿಕೊಂಡು ಸ್ಟ್ಯಾಂಡಿನವರೆಗೂ ಇಳಿದಿದೆ. ಒಳಗೆ ತುಂಬಿದ್ದ ತೆಂಗಿನ ಸಿಪ್ಪೆ ಕಪ್ಪಾಗಿ ಮೆತ್ತಗಾಗಿದೆ, ಹುಳಿ ವಾಸನೆ ಬರುತ್ತದೆ. ಮೊದಲೆಲ್ಲ ವರ್ಷಕ್ಕೆ ಏಳೆಂಟು ಗೊನೆ ಹೂ ಬಿಡುತ್ತಿತ್ತು, ಕಳೆದ ವರ್ಷ ಎರಡೇ. ಈಗ ಒಂದು ಗೊನೆ ಅರಳಿದೆ. ಗೆಳತಿಯೊಬ್ಬರು 'ಆರ್ಕಿಡ್‌ಗೆ ಇಕ್ಕಟ್ಟೇ ಇಷ್ಟ, ಮುಟ್ಟಬೇಡಿ' ಅನ್ನುತ್ತಾರೆ. ನರ್ಸರಿಯವರು '16 ಇಂಚಿನ ಕುಂಡಕ್ಕೆ ಮಣ್ಣು, ಸಗಣಿ ಗೊಬ್ಬರ ಹಾಕಿ ಬದಲಾಯಿಸಿ, ಎಲೆಯಿಲ್ಲದ ಕಾಂಡ ಕತ್ತರಿಸಿ' ಎಂದರು. ಒಂದು ಭಾಗ ಮಾವಿನ ಮರಕ್ಕೆ ಕಟ್ಟೋಣವೆಂದರೆ ಅತ್ತೆ 'ಮರಕ್ಕೆ ಬಂದಳಿಕೆ ಹತ್ತಿಸಬೇಡ' ಎನ್ನುತ್ತಾರೆ. ಮೇ ಎರಡನೇ ವಾರ ಬಂತು. ಮಳೆ ಹಿಡಿಯುವ ಮೊದಲು ಮಾಡಿಬಿಡಲೇ? ಜೊತೆಗೊಂದು ಆಂಥೂರಿಯಂ ಇದೆ, ಕಾಂಡ ಒಂದಡಿ ಬರಿದಾಗಿ ವಾಲಿಕೊಂಡಿದೆ. ಅದಕ್ಕೇನು ಮಾಡಲಿ?

ಉತ್ತರ: ಬಿಡಿಸಿದರೆ ಏಳು ವರ್ಷದ ಗಿಡ ಸತ್ತೀತು, ಬಿಡಿಸದಿದ್ದರೆ ಈ ಮಳೆಗಾಲದಲ್ಲಿ ಕೊಳೆತೀತು ಎಂಬುದು ನಿಮ್ಮ ಆತಂಕ. ಎರಡನೆಯ ಭಯವೇ ನಿಜ. ಸಿಪ್ಪೆ ಹುಳಿ ವಾಸನೆ ಹೊಡೆಯುತ್ತಿದೆ ಎಂದ ಮೇಲೆ ಕಾಯುವ ಹಾಗಿಲ್ಲ. ಆದರೆ ಬದಲಾಗಬೇಕಾದದ್ದು ಕುಂಡದ ಅಳತೆಯಲ್ಲ, ಒಳಗಿನ ಭರ್ತಿ. ಇದು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಮುರಿದ ಬೇರೊಂದನ್ನು ಕೈಯಲ್ಲಿ ಹಿಡಿದು ನೋಡಿ. ಹೊರಗೆ ಬೆಳ್ಳಗೆ ದಪ್ಪ ಹೊದಿಕೆ, ನಡುವೆ ಹುರಿಯಂಥ ತೆಳ್ಳನೆಯ ಎಳೆ. ಆ ಬಿಳಿ ಹೊದಿಕೆಗೆ ವೆಲಾಮೆನ್ ಎನ್ನುತ್ತಾರೆ. ಅದು ಸತ್ತ, ಟೊಳ್ಳಾದ ಕೋಶಗಳ ಪದರ. ನೀರು ಬಿದ್ದ ಕ್ಷಣ ಸ್ಪಂಜಿನಂತೆ ಹೀರಿಕೊಳ್ಳುತ್ತದೆ, ಒಳಗಿನ ಹಸಿರು ಹೊರಗೆ ಕಾಣುತ್ತದೆ. ಒಣಗಿದರೆ ಮತ್ತೆ ಬೆಳ್ಳಗಾಗಿ ಗಾಳಿ ತುಂಬಿಕೊಳ್ಳುತ್ತದೆ. ಮರದ ತೊಗಟೆಗೆ ಅಂಟಿ, ಮಳೆ ಬಂದಾಗ ನೆನೆದು, ಗಾಳಿ ಬೀಸಿದಾಗ ಆರುವ ಬದುಕಿಗೆಂದೇ ಆದ ಬೇರು ಇದು. ದಿನವಿಡೀ ನೆನೆದೇ ಇದ್ದರೆ ಒಳಗಿನ ಜೀವಕ್ಕೆ ಆಮ್ಲಜನಕ ಸಿಗದೆ ತುದಿ ಸಾಯುತ್ತದೆ, ಸತ್ತ ತುದಿಯಿಂದ ಕೊಳೆ ಹಿಂದಕ್ಕೆ ಹರಿಯುತ್ತದೆ. ತೆಂಗಿನ ಸಿಪ್ಪೆ ಹೊಸದಿದ್ದಾಗ ಚೂರುಚೂರಿನ ನಡುವೆ ಸಂದು ಬಿಟ್ಟು ನಿಂತಿರುತ್ತದೆ. ಮಲೆನಾಡಿನ ಎರಡು ಮಳೆಗಾಲ ಕಂಡರೆ ಪುಡಿಯಾಗಿ ಸಂದುಗಳನ್ನೆಲ್ಲ ತಾನೇ ತುಂಬುತ್ತದೆ. ನಿಮ್ಮ ಕುಂಡದ ನಡುಭಾಗ ಈಗ ಕೆಸರಿನ ಉಂಡೆ. ಗಿಡ ಅಲ್ಲಿಂದ ತಪ್ಪಿಸಿಕೊಂಡು ಬೇರುಗಳನ್ನು ಹೊರಗೆ ಗಾಳಿಗೆ ಕಳಿಸಿದೆ. ಇಷ್ಟು ದಿನ ಅದನ್ನು ಬದುಕಿಸಿರುವುದು ಕುಂಡದ ಹೊರಗಿನ ಆ ಬೇರುಗಳೇ, ಅವನ್ನು ಕತ್ತರಿಸಬೇಡಿ.

ಇಲ್ಲಿಂದಲೇ ಗೆಳತಿಯ ಮಾತಿಗೂ ನರ್ಸರಿಯವರ ಮಾತಿಗೂ ಉತ್ತರ ಸಿಗುತ್ತದೆ. 'ಇಕ್ಕಟ್ಟೇ ಇಷ್ಟ' ಎಂಬುದು ಅರ್ಧ ಸತ್ಯ. ಆರ್ಕಿಡ್‌ಗೆ ಇಕ್ಕಟ್ಟು ಇಷ್ಟವಲ್ಲ, ಚಿಕ್ಕ ಕುಂಡ ಬೇಗ ಆರುತ್ತದೆ ಎಂಬುದು ಇಷ್ಟ. ಬರೀ ಇದ್ದಿಲು, ಹೆಂಚಿನ ಚೂರಿನಲ್ಲಿ ನೆಟ್ಟ ಗಿಡ ಕುಂಡ ಮೀರಿ ಬೆಳೆದರೂ ಎರಡು ಮೂರು ವರ್ಷ ಸುಖವಾಗಿರುತ್ತದೆ, ಏಕೆಂದರೆ ಇದ್ದಿಲು ಕೊಳೆಯುವುದಿಲ್ಲ. ಅಂಥ ಗಿಡವಾಗಿದ್ದರೆ ನಾನೂ ಮುಟ್ಟಬೇಡಿ ಎನ್ನುತ್ತಿದ್ದೆ. 16 ಇಂಚಿನ ಕುಂಡವಂತೂ ಬೇಡವೇ ಬೇಡ. ಬೇರು ತಲುಪದ ಜಾಗದಲ್ಲಿ ನೀರು ಹೀರುವವರಿಲ್ಲ, ಅದು ಅಲ್ಲೇ ನಿಲ್ಲುತ್ತದೆ. ಅದರ ಮೇಲೆ ಮಣ್ಣು, ಸಗಣಿ ಗೊಬ್ಬರ ಬೇರೆ ಸೇರಿದರೆ ಆಷಾಢ ಮುಗಿಯುವುದರೊಳಗೆ ಬೇರು ಹೋಗಿರುತ್ತದೆ. ಗುಲಾಬಿಗೆ, ದಾಸವಾಳಕ್ಕೆ ಸರಿಯಾದ ಸಲಹೆಯನ್ನು ಆರ್ಕಿಡ್‌ಗೂ ಕೊಟ್ಟುಬಿಟ್ಟಿದ್ದಾರೆ, ಅಷ್ಟೇ.

ಎಲೆಯಿಲ್ಲದ ಕಾಂಡಗಳ ವಿಷಯಕ್ಕೆ ಬನ್ನಿ. ಡೆಂಡ್ರೋಬಿಯಂ ಶುಂಠಿಯ ಹಾಗೆ ಬುಡದಲ್ಲಿ ಅಡ್ಡಡ್ಡ ನಡೆಯುವ ಗಿಡ. ಪ್ರತಿ ವರ್ಷ ಹಿಂದಿನ ಕಾಂಡದ ಬುಡದ ಕಣ್ಣಿನಿಂದ ಹೊಸ ಕಾಂಡ ಏಳುತ್ತದೆ. ಹಳೆಯದು ಎಲೆ ಉದುರಿಸಿದರೂ ನೀರು, ಆಹಾರ ತುಂಬಿಟ್ಟುಕೊಂಡು ಹೊಸ ಚಿಗುರಿಗೆ ಉಣಿಸುತ್ತದೆ. ಎಷ್ಟೋ ಸಲ ಬೋಳು ಕಾಂಡದ ತುದಿಯಲ್ಲೇ ಮತ್ತೆ ಗೊನೆ ಬರುತ್ತದೆ. ಹಿಚುಕಿ ನೋಡಿ. ಗಟ್ಟಿಯಾಗಿದ್ದರೆ, ಸುಕ್ಕಿದ್ದರೂ ಹಸಿರು-ಹಳದಿ ಇದ್ದರೆ ಅದು ಬದುಕಿದೆ, ಬಿಡಿ. ಕಂದಾಗಿ ಒಣಗಿ ಟೊಳ್ಳಾದದ್ದು, ಒತ್ತಿದರೆ ನೀರು ಒಸರುವಷ್ಟು ಮೆತ್ತಗಾದದ್ದು ಮಾತ್ರ ತೆಗೆಯಬೇಕು.

ಬಂದಳಿಕೆಯ ಭಯ ನಮ್ಮ ಕಡೆ ಹಿರಿಯರಲ್ಲಿ ಸಾಮಾನ್ಯ, ಅದಕ್ಕೆ ಕಾರಣವೂ ಇದೆ: ಎರಡೂ ಮರದ ಮೇಲೇ ಕಾಣುತ್ತವೆ. ಬಂದಳಿಕೆ ಮರದ ತೊಗಟೆ ಸೀಳಿ ಒಳಗೆ ಬೇರಿಳಿಸಿ ರಸ ಹೀರುತ್ತದೆ, ಮಾವಿನ ಕೊಂಬೆಯನ್ನೇ ಒಣಗಿಸುತ್ತದೆ. ಆರ್ಕಿಡ್ ತೊಗಟೆಯ ಮೇಲೆ ಕೂತಿರುತ್ತದೆ, ಒಳಗೆ ಹೋಗುವುದಿಲ್ಲ. ಮಳೆನೀರು, ಎಲೆಯ ಕಸ, ಧೂಳು, ಇಷ್ಟರಲ್ಲೇ ಅದರ ಬದುಕು. ನಿಮ್ಮೂರ ಕಾಡಿನ ಮರಗಳಲ್ಲಿ ಮುಂಗಾರಿನ ಹೊತ್ತಿಗೆ ಜಡೆಯಂತೆ ಇಳಿಬಿಡುವ ಸೀತಾಳೆ ದಂಡೆಯೂ ಆರ್ಕಿಡ್ಡೇ. ಅದನ್ನು ಹೊತ್ತ ಮರ ಚೆನ್ನಾಗಿಯೇ ಇರುವುದನ್ನು ಅತ್ತೆಯವರೇ ನೋಡಿರುತ್ತಾರೆ.

ಇನ್ನು ಸಮಯ. ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1, ನಿಮ್ಮಲ್ಲಿಗೆ ಅದರ ಹಿಂದೆಯೇ ಬರುತ್ತದೆ. ಅಂದರೆ ಎರಡೂವರೆ ವಾರ ಕೈಯಲ್ಲಿದೆ. ಆದರೆ ಕ್ಯಾಲೆಂಡರ್‌ಗಿಂತ ಮೊದಲು ಹೊಸ ಚಿಗುರಿನ ಬುಡ ನೋಡಿ. ಅಲ್ಲಿ ಸಾಸಿವೆ ಕಾಳಿನಿಂದ ಹೆಸರು ಕಾಳಿನಷ್ಟು ದಪ್ಪದ ಹಸಿರು ಗುಬುಟುಗಳು ಕಂಡರೆ ಅವೇ ಹೊಸ ಬೇರು. ಅವು ಕಾಣಿಸಿ ಅರ್ಧ ಸೆಂಟಿಮೀಟರ್ ಆಗುವುದರೊಳಗೆ ಬಿಡಿಸಿ ನೆಟ್ಟರೆ ನೇರವಾಗಿ ಹೊಸ ಭರ್ತಿಗೇ ಇಳಿದು ಎರಡು ಮೂರು ವಾರದಲ್ಲಿ ಹಿಡಿದುಕೊಳ್ಳುತ್ತವೆ. 2–5 ಸೆಂ.ಮೀ. ಉದ್ದವಾದಾಗ ಮಾಡುವುದು ಅತ್ಯಂತ ಕೆಟ್ಟ ಹೊತ್ತು. ಆಗ ತುದಿ ಎಳೆಯದು, ಬೆರಳು ತಾಗಿದರೆ ಲಟಕ್ಕೆಂದು ಮುರಿಯುತ್ತದೆ, ಅಷ್ಟು ಎಳೆಯ ಬೇರು ಮುರಿದರೆ ಕವಲೊಡೆಯುವುದೂ ಅಪರೂಪ. ಗೇಣುದ್ದ ಬೆಳೆದ ಬೇರಾದರೆ ತುದಿ ಹೋದರೂ ಹಿಂದೆ ಕವಲು ಬರುತ್ತದೆ. ನಿಮ್ಮ ಗಿಡದಲ್ಲಿ ಕೊಳೆತ ಆರಂಭವಾಗಿರುವುದರಿಂದ ಗುಬುಟು ಕಾಣದಿದ್ದರೂ ಈಗಲೇ ಮಾಡಿ. ಕೊಳೆ ಇಲ್ಲದ ಗಿಡವಾಗಿದ್ದರೆ ಮಳೆ ಇಳಿದು, ಅಕ್ಟೋಬರ್‌ನಲ್ಲಿ ಮಾಡಿ ಎನ್ನುತ್ತಿದ್ದೆ.

ಅರಳಿದ ಗೊನೆ ಅಡ್ಡಿಯಲ್ಲ. ಬುಡದಲ್ಲಿ ಕತ್ತರಿಸಿ ನೀರಿನ ಹೂದಾನಿಯಲ್ಲಿಡಿ. ಡೆಂಡ್ರೋಬಿಯಂ ಗೊನೆ ಅಲ್ಲೇ ಎರಡು ವಾರ ಬಾಳುತ್ತದೆ. ಬೇರು ಕಳೆದುಕೊಂಡ ಗಿಡದ ಮೇಲೆ ಹೂವಿನ ಹೊರೆಯೂ ಬೇಡ.

ನಿಮ್ಮ ಮುಂದೆ ಮೂರು ದಾರಿ ಇವೆ. ಇಡೀ ಗುಂಪನ್ನು ಹಾಗೇ ಎತ್ತಿ ದೊಡ್ಡ ಬುಟ್ಟಿಗಿಟ್ಟು ಸುತ್ತ ಇದ್ದಿಲು ತುಂಬುವುದು ಮೊದಲನೆಯದು. ಬೇರಿಗೆ ಪೆಟ್ಟಿಲ್ಲ, ಹೂ ಬಿಡುವುದೂ ನಿಲ್ಲುವುದಿಲ್ಲ. ಆದರೆ ನಡುವಿನ ಕೊಳೆ ಹಾಗೇ ಉಳಿಯುವುದರಿಂದ ನಿಮ್ಮ ಗಿಡಕ್ಕೆ ಇದು ಒಗ್ಗದು. ಬುಟ್ಟಿಯಲ್ಲಿ ಬೆಳೆದ ವಾಂಡಾ, ಸೀತಾಳೆ ದಂಡೆಯಂಥ ಒಂಟಿ ಕಾಂಡದ ಜಾತಿಗಳಿಗಾದರೆ ಇದೇ ಸರಿಯಾದ ದಾರಿ, ಅವನ್ನು ಬುಡದಲ್ಲಿ ಸೀಳಲೂ ಬಾರದು. ಎರಡನೆಯದು ಬಿಡಿಸಿ ಭಾಗ ಮಾಡುವುದು. ಮೂರನೆಯದು ಮರಕ್ಕೆ ಕಟ್ಟುವುದು. ಗಿಡವನ್ನು ಮೂರು ಭಾಗ ಮಾಡಿ, ಎರಡನ್ನು ಕುಂಡಕ್ಕೆ ನೆಟ್ಟು, ಒಂದನ್ನು ಮಾವಿಗೆ ಕಟ್ಟಿ ಎನ್ನುವುದು ನನ್ನ ಸಲಹೆ. 22 ಕಾಂಡ ಇವೆಯೆಂದು ಆರೇಳು ಚೂರು ಮಾಡುವ ಆಸೆ ಬೇಡ. ಮೂರು ಕಾಂಡಕ್ಕಿಂತ ಚಿಕ್ಕ ಚೂರು ಬದುಕಿದರೂ ಹೂ ಬಿಡಲು ಎರಡು ವರ್ಷ ಹಿಡಿಯುತ್ತದೆ. ಒಂದೊಂದು ಭಾಗದಲ್ಲಿ ಐದಾರು ಜೀವಂತ ಕಾಂಡ, ಒಂದು ಹೊಸ ಚಿಗುರು ಇದ್ದರೆ ಮುಂದಿನ ವರ್ಷವೇ ಹೂ ನೋಡಬಹುದು.

ಸಾಮಗ್ರಿ ಹಿಂದಿನ ದಿನವೇ ಸಿದ್ಧವಾಗಲಿ. ಕಟ್ಟಿಗೆಯ ಇದ್ದಿಲನ್ನು 2–3 ಸೆಂ.ಮೀ. ತುಂಡುಗಳಾಗಿ ಒಡೆದು, ಪುಡಿ ಜರಡಿ ಹಿಡಿದು, ರಾತ್ರಿಯಿಡೀ ನೆನೆಸಿ ತೊಳೆಯಿರಿ. ಬೂದಿ ಉಳಿದರೆ ಕ್ಷಾರ ಹೆಚ್ಚುತ್ತದೆ. ಕಲ್ಲಿದ್ದಲು ಬೇಡ. ಒಡೆದ ಮಂಗಳೂರು ಹೆಂಚು ಅಥವಾ ಇಟ್ಟಿಗೆಯ 4–5 ಸೆಂ.ಮೀ. ಚೂರುಗಳು ಬೇಕು, ಸಿಮೆಂಟ್ ಅಂಟಿರಬಾರದು. ತೀರ್ಥಹಳ್ಳಿಯ ಮಳೆಗೆ ಸಿಪ್ಪೆಯನ್ನೇ ಬಿಟ್ಟುಬಿಡಿ. ಬೆಂಗಳೂರು, ಧಾರವಾಡದಂಥ ಒಣ ಹವೆಯಲ್ಲಿ ಇರುವವರು ಐದರಲ್ಲಿ ಒಂದು ಪಾಲು ಸೇರಿಸಬಹುದು, ಅದೂ ಮೂರು ದಿನ ನೀರು ಬದಲಿಸುತ್ತ ನೆನೆಸಿ, ಕೆಂಪು ಬಣ್ಣ ಮತ್ತು ಉಪ್ಪು ಇಳಿದ ಮೇಲೆ. ಕುಂಡ 6 ಇಂಚಿನದು ಸಾಕು, ಪಕ್ಕದಲ್ಲೂ ತೂತುಗಳಿರಲಿ. ಎರಡಡಿಯ ಕಾಂಡಕ್ಕೆ ಇಷ್ಟು ಚಿಕ್ಕದೇ ಎನಿಸುತ್ತದೆ, ನೋಡುವುದಕ್ಕೂ ಚೆಂದವಿಲ್ಲ. ಮಗುಚುವ ಭಯವಿದ್ದರೆ ತಳಕ್ಕೆ ಭಾರದ ಇಟ್ಟಿಗೆ ಚೂರು ಹಾಕಿ, ಇಲ್ಲವೇ ಕುಂಡವನ್ನು ತಂತಿಯಿಂದ ಸ್ಟ್ಯಾಂಡಿಗೆ ಕಟ್ಟಿ.

ಬಿಡಿಸುವ ದಿನ ಇಡೀ ಕುಂಡವನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಒಣ ಬೇರು ಸುಣ್ಣದ ಕಡ್ಡಿಯಂತೆ ಮುರಿಯುತ್ತದೆ, ನೆನೆದ ಬೇರು ಬಾಗುತ್ತದೆ. ಒಳಗಿರುವ ಸಣ್ಣ ಬಸವನ ಹುಳುಗಳೂ ಮೇಲೆ ಬರುತ್ತವೆ. ರಾತ್ರಿ ಬೇರಿನ ತುದಿ ತಿನ್ನುವವು ಇವೇ, ಮಲೆನಾಡಿನಲ್ಲಿ ಈ ಕಾಟ ಬಹಳ. ಆಮೇಲೆ ಕುಂಡವನ್ನೇ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಒಡೆಯಿರಿ. ಕುಂಡ ಉಳಿಸಲು ಹೋಗಿ ಹೊರಗೆ ಅಂಟಿದ ಬೇರು ಕಿತ್ತರೆ ಬಿಳಿ ಹೊದಿಕೆಯೆಲ್ಲ ಕುಂಡಕ್ಕೇ ಅಂಟಿಕೊಂಡು ಒಳಗಿನ ಎಳೆ ಮಾತ್ರ ಕೈಗೆ ಬರುತ್ತದೆ. ಬೇರು ಅಂಟಿದ ಚೂರುಗಳನ್ನು ಬೇರಿನ ಸಮೇತ ಹೊಸ ಕುಂಡದೊಳಗೇ ಕೂರಿಸಬಹುದು.

ಕೊಳೆತ ಸಿಪ್ಪೆಯನ್ನು ಪೂರ್ತಿ ಬಿಡಿಸಿ ಹರಿಯುವ ನೀರಿನಲ್ಲಿ ತೊಳೆಯಿರಿ. ಈಗ ಒಂದೊಂದೇ ಬೇರನ್ನು ಬೆರಳ ನಡುವೆ ಎಳೆದು ನೋಡುವ ಕೆಲಸ. ಗಟ್ಟಿಯಾಗಿದ್ದರೆ ಬಣ್ಣ ಕಂದಿದ್ದರೂ ಜೀವವಿದೆ. ಹೊದಿಕೆ ಲೊಳೆಯಂತೆ ಜಾರಿ ತಂತಿಯಂಥ ಎಳೆ ಉಳಿದರೆ ಸತ್ತಿದೆ, ಕತ್ತರಿಸಿ. ಅಂಥವು ನಿಮ್ಮ ಗಿಡದಲ್ಲಿ ಅರ್ಧದಷ್ಟಾದರೂ ಇರಬಹುದು, ಗಾಬರಿ ಬೇಡ. ಭಾಗ ಮಾಡುವಾಗ ಬುಡದ ಗೆಡ್ಡೆಯಲ್ಲಿ ಕಾಂಡ ಕಾಂಡದ ನಡುವಿನ ಸಂದು ಹುಡುಕಿ, ಚೂಪಾದ ಕತ್ತರಿಯಿಂದ ಒಂದೇ ಸಲಕ್ಕೆ ಕತ್ತರಿಸಿ. ಕೈಯಿಂದ ಜಗ್ಗಿ ಸೀಳಿದರೆ ಕಣ್ಣುಗಳು ಹೋಗುತ್ತವೆ.

ಕತ್ತರಿಯ ವಿಷಯದಲ್ಲಿ ಮಾತ್ರ ದಯವಿಟ್ಟು ಸಡಿಲ ಬಿಡಬೇಡಿ. ಸಿಂಬಿಡಿಯಂ ಮೊಸಾಯಿಕ್ ಎಂಬ ವೈರಸ್ ಒಂದು ಗಿಡದ ರಸ ಹತ್ತಿದ ಅಲಗಿನಿಂದಲೇ ಇನ್ನೊಂದಕ್ಕೆ ದಾಟುತ್ತದೆ, ಹತ್ತಿದ ಗಿಡಕ್ಕೆ ಮದ್ದಿಲ್ಲ. ಸ್ಪಿರಿಟ್‌ನಲ್ಲಿ ಒರೆಸಿದರೆ ವೈರಸ್ ಹೋಗುತ್ತದೆಂಬ ಭರವಸೆಯಿಲ್ಲ. ಗ್ಯಾಸ್ ಒಲೆಯ ಉರಿಗೆ ಅಲಗು ಕೆಂಪಾಗುವವರೆಗೆ ಹಿಡಿದು ಆರಿಸಿ, ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವ ಮುನ್ನ ಪ್ರತಿ ಸಲ. ಕೊಯ್ದ ಗಾಯಕ್ಕೆ ಚಕ್ಕೆ ಪುಡಿ ಹಚ್ಚಬಹುದು, ಅದು ಗಾಯ ಒಣಗಿಸುತ್ತದೆ. ಅದೇ ಕಾರಣಕ್ಕೆ ಜೀವಂತ ಬೇರಿನ ಮೇಲೆ ಉದುರಿಸಬೇಡಿ, ಅದನ್ನೂ ಒಣಗಿಸಿಬಿಡುತ್ತದೆ. ಕೊಳೆ ಹೆಚ್ಚಿದ್ದರೆ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಕಲಸಿ ಹತ್ತು ನಿಮಿಷ ಅದ್ದಿ ತೆಗೆಯಿರಿ, ಕೈಗವಸು ಹಾಕಿಕೊಂಡು. ಅಡಿಕೆ ಮನೆಗಳಿಗೆ ಒಂದು ಎಚ್ಚರಿಕೆ: ಕೊಳೆರೋಗಕ್ಕೆಂದು ಮಾಡಿದ ಬೋರ್ಡೋ ದ್ರಾವಣ ಉಳಿದಿದೆಯೆಂದು ಇದಕ್ಕೂ ಹೊಡೆಯಬೇಡಿ. ಅದರಲ್ಲಿರುವ ಮೈಲುತುತ್ತದ ತಾಮ್ರ ಡೆಂಡ್ರೋಬಿಯಂನ ಎಳೆ ಚಿಗುರನ್ನೂ ಮೊಗ್ಗನ್ನೂ ಸುಡುತ್ತದೆ. ಗಿಡವನ್ನು ಅಡಿಕೆ ಮರಕ್ಕೆ ಕಟ್ಟಬೇಡಿ ಎನ್ನುವುದೂ ಇದಕ್ಕೇ, ಸಿಂಪಡಿಸಿದ್ದೆಲ್ಲ ಅದರ ಮೇಲೆ ಇಳಿಯುತ್ತದೆ.

ನೆಡುವಾಗ ಕೊಯ್ದ ಹಳೆಯ ತುದಿ ಕುಂಡದ ಗೋಡೆಗೆ ತಾಗಿರಲಿ, ಹೊಸ ಚಿಗುರಿನ ಮುಂದೆ ಎರಡು ಮೂರು ವರ್ಷ ನಡೆಯುವಷ್ಟು ಜಾಗವಿರಲಿ. ನಡುವಿಗೆ ನೆಟ್ಟರೆ ಅರ್ಧ ಕುಂಡ ವ್ಯರ್ಥ. ತಳದ ಮೂರನೇ ಒಂದು ಭಾಗ ಹೆಂಚಿನ ಚೂರು, ಮೇಲೆ ಇದ್ದಿಲು. ಬುಡದ ಗೆಡ್ಡೆ ಇದ್ದಿಲಿನ ಮೇಲೆ ಕೂತಿರಬೇಕು, ಹೂತಿರಬಾರದು. ಹೊಸ ಗಿಡ ಅಲುಗುತ್ತದೆಂದು ಬುಡ ಮುಚ್ಚುವಷ್ಟು ತುಂಬುವುದೇ ಎಲ್ಲರೂ ಮಾಡುವ ತಪ್ಪು, ಚಿಗುರು ಬುಡದಲ್ಲೇ ಕರಗುತ್ತದೆ. ಅಲುಗಾಟಕ್ಕೆ ಮದ್ದು ಬೇರೆ: ಕುಂಡದ ತಳದವರೆಗೆ ಬಿದಿರು ಕಡ್ಡಿ ಚುಚ್ಚಿ, ಎರಡು ಮೂರು ಕಾಂಡ ಸೇರಿಸಿ ಬಾಳೆನಾರಿನಲ್ಲೋ ಸುತಳಿಯಲ್ಲೋ ಬಿಗಿಯಾಗಿ ಕಟ್ಟಿ. ಕಾಂಡ ಹಿಡಿದೆತ್ತಿದರೆ ಕುಂಡವೂ ಜೊತೆಗೆ ಏಳಬೇಕು. ಗಾಳಿಗೆ ಗಿಡ ತುಸು ತೂಗಿದರೂ ಹೊಸ ಬೇರಿನ ತುದಿ ಇದ್ದಿಲಿಗೆ ಉಜ್ಜಿ ಸವೆದುಹೋಗುತ್ತದೆ. ಎಲ್ಲ ಸರಿ ಮಾಡಿಯೂ ಗಿಡ ಹಿಡಿಯಲಿಲ್ಲ ಎನ್ನುವ ಬಹುಪಾಲು ಪ್ರಕರಣಗಳಲ್ಲಿ ಕಾರಣ ಇದೇ.

ಮಾವಿಗೆ ಕಟ್ಟುವ ಭಾಗಕ್ಕೆ ಮಳೆಗಾಲದ ಆರಂಭ ಒಳ್ಳೆಯ ಹೊತ್ತು. ಮರದ ಮೇಲೆ ನೀರು ನಿಲ್ಲುವುದಿಲ್ಲ, ತೇವ ಸಿಗುತ್ತದೆ. ಎದೆಯೆತ್ತರದ ಒರಟು ತೊಗಟೆಯ ಜಾಗ, ಬೆಳಗಿನ ಬಿಸಿಲು ಬೀಳುವ ಮಗ್ಗುಲು ನೋಡಿ. ಬೇರನ್ನು ತೊಗಟೆಗೆ ಹರಡಿ, ಸುತ್ತ ಸಿಪ್ಪೆ ಏನೂ ಇಡದೆ, ಅಗಲ ಬಟ್ಟೆಪಟ್ಟಿಯಿಂದ ಬಿಗಿದು ಕಟ್ಟಿ. ಹಲಸೂ ಆಗುತ್ತದೆ, ತೊಗಟೆ ಸುಲಿಯುವ ಪೇರಲೆ ಆಗದು. ಇದರ ಕಷ್ಟ ಫೆಬ್ರವರಿಯ ನಂತರ: ಮೊದಲ ಬೇಸಿಗೆಯಲ್ಲಿ ದಿನಕ್ಕೊಮ್ಮೆ ನೀರು ಹೊಡೆಯಲು ಆಗದಿದ್ದರೆ ಕಟ್ಟಲೇಬೇಡಿ.

ನೆಟ್ಟ ಮೊದಲ ನಾಲ್ಕು ದಿನ ಕುಂಡಕ್ಕೆ ನೀರು ಬೇಡ, ಗಾಯ ಒಣಗಲಿ. ಬೆಳಿಗ್ಗೆ ಎಲೆಗೆ ತುಂತುರು ಸಾಕು. ಆಮೇಲೆ ಬಿಸಿಲಿದ್ದ ದಿನ ಒಮ್ಮೆ ನೀರು. ಮಳೆ ಹಿಡಿದ ಮೇಲೆ ಗಾಳಿಯಾಡುವ ಜಗಲಿಯಲ್ಲಿಡಿ, ಸೂರಿನ ನೀರು ಬೀಳುವ ಸಾಲಿನಲ್ಲಿ ಮಾತ್ರ ಬೇಡ. ಅಷ್ಟು ಎತ್ತರದಿಂದ ಬೀಳುವ ಧಾರೆ ಚಿಗುರಿನ ಸುಳಿಯಲ್ಲಿ ನಿಂತು ಕೊಳೆಸುತ್ತದೆ. ಒಂದೆರಡು ಹಳೆ ಎಲೆ ಹಳದಿಯಾಗಿ ಉದುರುವುದು, ಹಳೆ ಕಾಂಡ ಸುಕ್ಕುವುದು ಸಹಜ, ಅವು ತಮ್ಮ ಕೂಡಿಟ್ಟದ್ದನ್ನು ಖರ್ಚು ಮಾಡುತ್ತಿವೆ. ಹೊಸ ಚಿಗುರೇ ಸುಕ್ಕಿದರೆ, ಬುಡ ಕಪ್ಪಾಗಿ ನೀರುಗಟ್ಟಿದರೆ, ಅಂದೇ ಎತ್ತಿ ಕೊಳೆತ ಭಾಗ ಕೊಯ್ದು ಮತ್ತೆ ನೆಡಿ. ಹೊಸ ಬೇರು ಬೆರಳುದ್ದ ಆಗುವವರೆಗೆ ಗೊಬ್ಬರ ಬೇಡ. ಆಮೇಲೆ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ) ಲೀಟರಿಗೆ 1 ಗ್ರಾಂ, ವಾರಕ್ಕೊಮ್ಮೆ. ಕಾಂಡದ ಮೇಲೆ ಬೇರು ಸಮೇತ ಮರಿ ಹುಟ್ಟಿದ್ದರೆ ಬೇರು 5–7 ಸೆಂ.ಮೀ. ಆಗುವ ತನಕ ಕೀಳಬೇಡಿ.

ಹೂ ಕಡಿಮೆಯಾದದ್ದಕ್ಕೆ ಕುಂಡವೊಂದೇ ಕಾರಣ ಇರಲಾರದು. ಎಲೆ ಕಡು ಹಸಿರಿದ್ದರೆ ಬೆಳಕು ಸಾಲದು ಎಂದರ್ಥ. ಗಿಡ ಹಿಡಿದ ಮೇಲೆ 50% ನೆರಳು ಪರದೆಯಡಿಗೆ ತನ್ನಿ, ಎಲೆ ಹುಲ್ಲಿನ ತಿಳಿ ಹಸಿರಿಗೆ ತಿರುಗಬೇಕು. ಈ ವರ್ಷ ಹೂವಿನ ಆಸೆ ಬಿಡಿ, ಬಂದರೂ ಒಂದೆರಡು ಗೊನೆ. ಎಲೆಯಲ್ಲಿ ತಿಳಿಹಳದಿ ಗೀರು, ಕಪ್ಪಗೆ ಕುಸಿದ ಮಚ್ಚೆ ಕಂಡ ಭಾಗವನ್ನು ಯಾರಿಗೂ ಹಂಚಬೇಡಿ, ಅದು ಮೇಲೆ ಹೇಳಿದ ವೈರಸ್‌ನ ಗುರುತಿರಬಹುದು.

ಆಂಥೂರಿಯಂದು ಸುಲಭ, ಆದರೆ ನಿಯಮ ತಿರುಗುಮುರುಗು. ಬರಿದಾದ ಕಾಂಡದಲ್ಲಿ ಗಾಳಿಬೇರುಗಳು ಕಾಣುತ್ತವೆಯಲ್ಲ, ಅಂಥ ಎರಡು ಮೂರು ಬೇರು ಮೇಲಿನ ತುಂಡಿಗೆ ಸೇರುವಂತೆ ಕಾಂಡ ಕತ್ತರಿಸಿ. ಗಾಯ ಒಂದು ದಿನ ಆರಿದ ಮೇಲೆ ಮೇಲಿನ ತುಂಡನ್ನು ಕೆಳಗಿನ ಎಲೆಯ ಬುಡದವರೆಗೆ ಹೂತು ನೆಡಿ. ಇದಕ್ಕೆ ಸಿಪ್ಪೆ ಚೂರು, ಇದ್ದಿಲು ಸಮ ಸಮ, ಒಂದು ಹಿಡಿ ಎಲೆಗೊಬ್ಬರ. ಗಿಡದ ರಸ ಚರ್ಮಕ್ಕೆ ತುರಿಕೆ ತರುತ್ತದೆ, ಕೈಗವಸಿರಲಿ. ಕೆಳಗೆ ಉಳಿದ ಮೋಟನ್ನು ಬಿಸಾಡಬೇಡಿ. ಅದೇ ಕುಂಡದಲ್ಲಿ ತೇವ ಆರದಂತೆ ನೆರಳಲ್ಲಿಡಿ, ಗಂಟುಗಳಲ್ಲಿ ಎರಡು ಮೂರು ಕುಡಿ ಒಡೆಯುತ್ತವೆ.